ಮ್ಯೂನಿಕ್ ಆಫೀಸಲ್ಲಿ ಬೇರೆ ಕುರ್ಚಿ ಕೇಳಿದ್ರೆ ಕೊಡ್ತಾರಾ? ಕತ್ತು ನೋವಿರೋರು ಅನುಭವ ಹೇಳಿ

ಚನ್ನಪಟ್ಟಣದ ಗೊಂಬೆ:
ನಮಸ್ಕಾರ ಎಲ್ರಿಗೂ. ಮುಂದಿನ ತಿಂಗಳು ಬೆಂಗಳೂರು ಆಫೀಸಿಂದ ಎರಡು ವರ್ಷಕ್ಕೆ ಮ್ಯೂನಿಕ್‌ಗೆ ಹೋಗ್ತಿದೀನಿ, ಆಮೇಲೆ ಯುಕೆಗೆ ಕಳಿಸೋ ಮಾತೂ ಇದೆ. ನಾನು ಐದಡಿ. ಇಲ್ಲಿ ಕುರ್ಚೀಲಿ ಕೂತ್ರೆ ಕಾಲು ನೇತಾಡುತ್ತೆ, ಕತ್ತಿಂದ ಬಲಗೈ ಹೆಬ್ಬೆರಳವರೆಗೂ ಜೋಮು. ಹೋದ ಹೊಸದ್ರಲ್ಲೇ ಕುರ್ಚಿ ಮೇಜು ಸರಿ ಇಲ್ಲ ಅಂದ್ರೆ ಏನಂದ್ಕೋತಾರೋ?

ಇಸಾರ್ ದಂಡೆ ಗೌಡ:
ಮೊದಲ್ನೇ ವಾರಾನೇ ಕೇಳಿ ಮೇಡಂ. ನಾನು ಎಂಟು ತಿಂಗಳು ಬಾಯ್ಮುಚ್ಕೊಂಡು ಕೂತೆ, ನಮ್ಮೂರಲ್ಲಿ ಕೊಟ್ಟಿದ್ದ ಕುರ್ಚೀಲಿ ಕೂತು ಅಭ್ಯಾಸ ನೋಡಿ. ಕೊನೆಗೆ ಕೈ ಎತ್ತೋಕೆ ಆಗ್ದೆ ಕಂಪನಿ ಡಾಕ್ಟ್ರ ಹತ್ರ ಹೋದೆ, ಇಲ್ಲಿ 1973ರ ಕಾನೂನಿನ ಪ್ರಕಾರ ಕಂಪನಿಗಳು ಅಂಥ ಡಾಕ್ಟ್ರನ್ನ ಗೊತ್ತು ಮಾಡಿರಲೇಬೇಕು. ಆಯಮ್ಮ ನಾಡಿ ಹಿಡಿಯೋ ಬದ್ಲು ಟೇಪ್ ಹಿಡಿದ್ರು. ಕೂತಾಗ ಮೊಣಕೈಯಿಂದ ನೆಲಕ್ಕೆ 67 ಸೆಂಟಿಮೀಟರ್, ಮೇಜು 74. ‘ಏಳು ಸೆಂಟಿಮೀಟರ್ ಹೆಗಲು ಎತ್ಕೊಂಡೇ ಇಷ್ಟು ದಿನ ಟೈಪ್ ಮಾಡಿದೀಯ’ ಅಂದ್ರು. ಅಲ್ಲೇ ಕಣ್ಣಲ್ಲಿ ನೀರು ಬಂತು. ಆದ್ರೆ ಏರಿಸಿ ಇಳಿಸೋ ಮೇಜು ಬರೋಕೆ 11 ವಾರ! ಫಾರ್ಮ್ ಮೂರು ಸಲ ವಾಪಸ್, ಒಂದ್ಸಲ ಬರೀ ಕಾಸ್ಟ್ ಸೆಂಟರ್ ನಂಬರ್ (ಖರ್ಚು ಯಾವ ವಿಭಾಗದ ಲೆಕ್ಕಕ್ಕೆ ಅನ್ನೋ ನಂಬರ್) ತಪ್ಪು ಅಂತ. ಅಷ್ಟರಲ್ಲಿ ಕೈಯಿಂದ 228 ಯೂರೋ ಫಿಸಿಯೋಗೆ ಹೋಯ್ತು, ರಸೀದಿ ಇನ್ನೂ ಇಟ್ಕೊಂಡಿದೀನಿ.

ಲಂಡನ್ ಅತ್ತಿಗೆ:
ಯುಕೆಗೆ ಬಂದ್ರೆ ಡಾಕ್ಟ್ರು ಗೀಕ್ಟ್ರು ಏನಿಲ್ಲಮ್ಮ. ಡಿಎಸ್ಇ ಅಂತ, ಸ್ಕ್ರೀನ್ ಮುಂದೆ ಕೆಲಸ ಮಾಡೋರಿಗೆ 1992ರ ರೂಲ್ಸು, ಆನ್‌ಲೈನ್ ಪ್ರಶ್ನೆ ಬರುತ್ತೆ, ಟಿಕ್ ಹಾಕ್ಬೇಕು. ಎಲ್ಲದಕ್ಕೂ ‘ಹೌದು ಸರಿ ಇದೆ’ ಅಂತ ಒತ್ಕೊಂಡು ಹೋದ್ರೆ ಕಥೆ ಮುಗೀತು, ನಮ್ಮೋರು ಮಾಡೋದೇ ಅದು. ‘ಪಾದ ನೆಲಕ್ಕೆ ತಾಗುತ್ತಾ’ ಅನ್ನೋದಕ್ಕೆ ಇಲ್ಲ ಅಂತ ಹಾಕಿದೆ, ಮೂರನೇ ದಿನ ಕಾಲ್ಮಣೆ ಬಂತು. ಕಣ್ಣು ಪರೀಕ್ಷೆಗೆ ಕಂಪನೀನೇ ದುಡ್ಡು ಕೊಡ್ಬೇಕು. ಕನ್ನಡಕಕ್ಕೆ ಮಾತ್ರ ಸ್ಕ್ರೀನ್ ಕೆಲಸಕ್ಕೇ ಬೇರೆ ಬೇಕು ಅಂತ ಕಣ್ಣು ಪರೀಕ್ಷೆ ಮಾಡೋರು ಬರೆದ್ರೆ ಕೊಡ್ತಾರೆ, ನಂಗೆ ಬರೀಲಿಲ್ಲ, 189 ಪೌಂಡ್ ನಂದೇ ಹೋಯ್ತು. ಅದ್ರ ಹೊಟ್ಟೆಉರಿ ಇನ್ನೂ ಇದೆ.

ಫ್ರೀಮಾಂಟ್ ಶಾಸ್ತ್ರಿ:
ನೀವೆಲ್ಲ ಪುಣ್ಯವಂತ್ರು. ಅಮೆರಿಕದಲ್ಲಿ ನವೆಂಬರ್ 2000ದಲ್ಲಿ ಓಶಾ (ಕೆಲಸದ ಜಾಗದ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ) ದೇಶಕ್ಕೆಲ್ಲ ಒಂದು ಎರ್ಗೊನಾಮಿಕ್ಸ್ ರೂಲ್, ಅಂದ್ರೆ ಕೆಲಸ ಮೈಗೆ ಹೊಂದೋ ಹಾಗಿರ್ಬೇಕು ಅನ್ನೋ ರೂಲ್ ತಂತು, ಮಾರ್ಚ್ 2001ಕ್ಕೆ ಇಲ್ಲಿನ ಸಂಸತ್ತು ಕಾಂಗ್ರೆಸ್ಸು ಕಿತ್ತು ಬಿಸಾಕ್ತು. ಹುಟ್ಟಿದ ಮಗೂಗೆ ಹೆಸರಿಡೋ ಮುಂಚೆನೇ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ್ದೊಂದು ರೂಲಿದೆ, ಆದ್ರೆ ಒಂದೇ ಥರ ಕೆಲಸ ಮಾಡೋ ಇಬ್ರಿಗೆ 12 ತಿಂಗಳೊಳಗೆ ನೋವು ಅಂತ ಡಾಕ್ಟ್ರು ಬರೆದ್ರೆ ಮಾತ್ರ ಅದು ಎಚ್ಚರ ಆಗೋದು. ಅಂದ್ರೆ ನಂಗೊಬ್ಬನಿಗೇ ಬಂದ್ರೆ ಸಾಲ್ದು, ಪಕ್ಕದೋನಿಗೂ ಬರ್ಲಿ ಅಂತ ದೇವ್ರಿಗೆ ಹರಕೆ ಹೊತ್ಕೋಬೇಕು!! ಬೇಜಾರಾಗಿ, ಮುಚ್ಚಿಹೋದ ಸ್ಟಾರ್ಟಪ್ ಒಂದ್ರಿಂದ 425 ಡಾಲರಿಗೆ ಏರಾನ್ ಅನ್ನೋ ಆಫೀಸ್ ಕುರ್ಚಿ ತಂದೆ. ಅದ್ರಲ್ಲಿ ಎ, ಬಿ, ಸಿ ಸೈಜ್ ಇರುತ್ತೆ ಅಂತ ಯಾವನೂ ಹೇಳ್ಲಿಲ್ಲ. ಬೆನ್ನಿನ ಹಿಂದೆ ಮೇಲ್ತುದೀಲಿ ಬೆರಳಿಟ್ಟು ತಡವಿ ನೋಡಿ, ಉಬ್ಬಿರೋ ಚುಕ್ಕೆ ಸಿಗುತ್ತೆ, ಒಂದಿದ್ರೆ ಎ, ಮೂರಿದ್ರೆ ಸಿ. ನಂದು ಮೂರು, ಅಂದ್ರೆ ಎಲ್ಲಕ್ಕಿಂತ ದೊಡ್ಡದು. ಸೀಟಿನ ಅಂಚು ಮಂಡಿ ಹಿಂದೆ ಒತ್ತಿ ಒತ್ತಿ ಈಗ ಕಾಲೂ ಜೋಮು. ಮಾರೋಕೆ ಹಾಕಿದೀನಿ, 200ಕ್ಕೂ ಯಾರೂ ಕೇಳ್ತಿಲ್ಲ.

ದಾವಣಗೆರೆ ಲೆಕ್ಕಿಗ:
ಇವೆಲ್ಲ ಕುರ್ಚಿ ಕಂಪನಿಯೋರ ದಂಧೆ. ನಮ್ಮಜ್ಜ ಅಡತಿ ಅಂಗಡೀಲಿ ಗಾದಿ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು, ಮುಂದೊಂದು ಇಳಿಜಾರು ಡೆಸ್ಕ್ ಇಟ್ಕೊಂಡು 40 ವರ್ಷ ಖಾತೆ ಬರೆದ್ರು. ಒಂದಿನ ಬೆನ್ನು ನೋವು ಅಂದೋರಲ್ಲ.

ಲಂಡನ್ ಅತ್ತಿಗೆ:
ಮಂಡಿ ಹೇಗಿತ್ತು ನಿಮ್ಮಜ್ಜಂಗೆ?

ದಾವಣಗೆರೆ ಲೆಕ್ಕಿಗ:
ಎರಡೂ ಮಂಡಿ ಆಪರೇಶನ್ ಆಗಿತ್ತು, ಅದು ಬೇರೆ ವಿಷ್ಯ. ನೀವು ಹಿರಿಯರ ಬಗ್ಗೆ ವ್ಯಂಗ್ಯ ಮಾಡ್ಬೇಡಿ.

ಬಿಟಿಎಂ ಬೆನ್ನುಮೂಳೆ:
ಅಡತಿ ಅಂಗಡೀಲಿ ಗಂಟೆಗೆ ಹತ್ತು ಸಲ ಎದ್ದು ಮಾಲು ನೋಡ್ತಿದ್ರು ಸಾರ್, ನಾವು ಸ್ಪ್ರಿಂಟ್ (ಆ ಕಂತಿನ ಕೆಲಸ) ಮುಗಿಯೋವರೆಗೂ ಏಳಲ್ಲ, ಹೋಲಿಸ್ಬೇಡಿ. ನನ್ನ ಲೆಕ್ಕ ಕೇಳಿ: 2020ರಲ್ಲಿ ಡೈನಿಂಗ್ ಕುರ್ಚೀಲಿ ಏಳು ತಿಂಗಳು. ಎಲ್4-ಎಲ್5 ಬಲ್ಜ್, ಅಂದ್ರೆ ಸೊಂಟದ ಹತ್ರ ಬೆನ್ನುಮೂಳೆ ಡಿಸ್ಕ್ ಉಬ್ತು. ಎಂಆರ್‌ಐ 7,500, ಫಿಸಿಯೋ 600ರಂತೆ 22 ಸಿಟ್ಟಿಂಗ್ ಅಂದ್ರೆ 13,200, ಬೆಲ್ಟ್ 1,150 (ಒಂದ್ವಾರ ಹಾಕ್ಕೊಂಡೆ, ಈಗ ಬೀರು ಮೇಲಿದೆ). ಆಮೇಲೆ 31,000ದ ಕುರ್ಚಿ. ಹದಿನಾಲ್ಕನೇ ತಿಂಗಳು ಮೀಟಿಂಗ್ ಮಧ್ಯ ಸುಯ್ ಅಂತ ಕೆಳಗಿಳೀತು, ಕ್ಯಾಮೆರಾದಲ್ಲಿ ಬರೀ ಹಣೆ ಕಾಣ್ತಿತ್ತಂತೆ. ಮೂರು ವರ್ಷ ವಾರಂಟಿ ಕುರ್ಚಿಗೆ, ಅದನ್ನ ಏರಿಸಿ ಇಳಿಸೋ ಗ್ಯಾಸ್ ಲಿಫ್ಟ್‌ಗೆ ಒಂದೇ ವರ್ಷ ಅಂದ್ರು!! ಕಂಪನಿ ಕಡೆಯಿಂದ ಬಂದಿದ್ದು ಒಂದು ಇಮೇಲು, ‘ನೆಟ್ಟಗೆ ಕೂರಿ’ ಅಂತ, ಜೊತೆಗೊಂದು ಯೋಗ ವೆಬಿನಾರು.

ಯೊಕೊಹಾಮಾ ಭಟ್ಟ:
ಜಪಾನಲ್ಲಿ ಸರ್ಕಾರದ 2019ರ ಮಾರ್ಗಸೂಚಿ ಇದೆ, ಒಂದು ಗಂಟೆಗಿಂತ ಜಾಸ್ತಿ ಸತತ ಸ್ಕ್ರೀನ್ ನೋಡ್ಬಾರ್ದು, ನಡುವೆ 10ರಿಂದ 15 ನಿಮಿಷ ಬಿಡ್ಬೇಕು ಅಂತ. ಗೋಡೆ ಮೇಲೆ ಅಂಟಿಸಿದಾರೆ. ನಮ್ಮ ಟೀಮಲ್ಲಿ ಅದನ್ನ ಪಾಲಿಸೋದು ನಾನೊಬ್ಬನೇ, ಅದಕ್ಕೇ ಮ್ಯಾನೇಜರ್ ನನ್ನನ್ನ ‘ಗಡಿಯಾರ’ ಅಂತ ಕರೀತಾನೆ.

ಹುಬ್ಳಿ ತಂಗಿ:
ಅಲ್ರೀ, ನೀವೆಲ್ಲ ನಿಂತು ಕೆಲಸ ಮಾಡೋ ಮೇಜಿಗೆ ಹೊಡದಾಡ್ತೀರಿ. ನಮ್ಮಕ್ಕ ಬಟ್ಟಿ ಅಂಗಡ್ಯಾಗ ಮುಂಜಾನಿ ಹತ್ತರಿಂದ ರಾತ್ರಿ ಒಂಬತ್ತರ ತನಕ ನಿಂತಾ ಇರ್ತಾಳ. ಗಿರಾಕಿ ಇಲ್ದಾಗನೂ ಕೂಡಂಗಿಲ್ಲ, ಕಾಲಾಗ ನರ ಉಬ್ಬ್ಯಾವ. ಕೇರಳದಾಗ 2018ಕ್ಕ, ತಮಿಳ್ನಾಡಾಗ 2021ಕ್ಕ ಅಂಗಡಿ ಕೆಲಸದವ್ರಿಗೆ ಕೂಡೂ ಹಕ್ಕು ಅಂತ ಕಾಯ್ದೆನ ತಂದ್ರು. ಅಕ್ಕಗ ಒಂದು ಸ್ಟೂಲ್ ಕೊಡ್ಸಾಕ ಯಾರಿಗೆ ಹೇಳ್ಬೇಕ್ರಿ?

ಫ್ರೀಮಾಂಟ್ ಶಾಸ್ತ್ರಿ:
ವಿಷ್ಯ ಆಫೀಸಿಂದು, ಅಂಗಡಿದಲ್ಲ. ದಯವಿಟ್ಟು ಬೇರೆ ಪ್ರಶ್ನೆ ಹಾಕಿ.

ಹುಬ್ಳಿ ತಂಗಿ:
ನಿಮ್ಮ 425 ಡಾಲರ್ ಕುರ್ಚಿ ಕಳ್ಸಿಕೊಡ್ರಿ ಮತ್ತ, ಹೆಂಗೂ ಮಾರಂಗಿಲ್ಲ ಅಂದ್ರೆಲ್ಲ.

ಇಸಾರ್ ದಂಡೆ ಗೌಡ:
😂😂 ಶಾಸ್ತ್ರಿಗಳೇ, ಇದಕ್ಕೆ ಉತ್ತರ ಕೊಡಿ.

ದಾವಣಗೆರೆ ಲೆಕ್ಕಿಗ:
ಲಂಡನ್ ಮೇಡಂ ಇನ್ನೂ ಕ್ಷಮೆ ಕೇಳಿಲ್ಲ.

ಚನ್ನಪಟ್ಟಣದ ಗೊಂಬೆ:
ಗೌಡ್ರೇ, ನೀವು ಹೇಳಿದ್ ಥರ ಟೇಪಲ್ಲಿ ಅಳೆದೆ. ನಂದು 59, ಇಲ್ಲಿ ಮೇಜು 75. ಕುರ್ಚಿ ಏರಿಸಿ ಕಾಲ್ಕೆಳಗೆ ಎ4 ಪೇಪರ್ ಬಂಡಲ್ ಮೂರು ಇಟ್ಕೊಂಡೆ, ಹೆಚ್ಚುಕಮ್ಮಿ ಸರಿಹೋಯ್ತು. ನಿನ್ನೆ ಸಂಜೆ ಜೋಮು ಸ್ವಲ್ಪ ಕಮ್ಮಿ ಇತ್ತು. ಇವತ್ತು ಬೆಳಿಗ್ಗೆ ಬಂದ್ರೆ ಒಂದೇ ಬಂಡಲ್ ಇದೆ, ಪ್ರಿಂಟರಲ್ಲಿ ಪೇಪರ್ ಖಾಲಿ ಅಂತ ಅಡ್ಮಿನ್ ಹುಡುಗ ಎರಡು ಎತ್ಕೊಂಡ್ ಹೋಗಿದಾನೆ.