ಅಜೇಲಿಯಾ ಚಿಗುರು ಹಳದಿ, ನರ ಮಾತ್ರ ಹಸಿರು: ಅನ್ನಭೇದಿ ಹಾಕಿದರೂ ಗುಣವಾಗುತ್ತಿಲ್ಲ

ತಾರಸಿತೋಟ, ಬೆಂಗಳೂರು | ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ಕಳೆದ ಅಕ್ಟೋಬರ್‌ನಲ್ಲಿ ಊಟಿಗೆ ಹೋಗಿದ್ದಾಗ ಮೊಗ್ಗು ತುಂಬಿದ್ದ ಅಜೇಲಿಯಾ ಗಿಡವೊಂದನ್ನು ತಂದೆ. ನನ್ನ ಅಜ್ಜಿಯ ಮನೆ ಮಡಿಕೇರಿಯಲ್ಲಿತ್ತು. ಅಲ್ಲಿ ಮೆಟ್ಟಿಲ ಪಕ್ಕದಲ್ಲಿ ಇದೇ ಹೂವು ಎಲೆ ಕಾಣದಷ್ಟು ಅರಳುತ್ತಿತ್ತು. ಅದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ, ಹಾಗಾಗಿ ಈ ಗಿಡವನ್ನು ಹೇಗಾದರೂ ಉಳಿಸಿಕೊಳ್ಳಬೇಕು.

ನವೆಂಬರ್‌ನಲ್ಲಿ ದೊಡ್ಡ ಕುಂಡಕ್ಕೆ ಬದಲಾಯಿಸಿದೆ. ಡಿಸೆಂಬರ್ ಕೊನೆಯ ತನಕ ಹೂ ಬಿಟ್ಟಿತು. ಜನವರಿಯಿಂದ ಹೊಸ ಚಿಗುರೆಲ್ಲ ಹಳದಿಯಾಗಿಯೇ ಹೊರಡುತ್ತಿದೆ, ನರಗಳು ಮಾತ್ರ ಹಸಿರು ದಾರದಲ್ಲಿ ಬಲೆ ಹೆಣೆದ ಹಾಗೆ ಕಾಣುತ್ತವೆ. ಕೆಳಗಿನ ಹಳೆಯ ಎಲೆಗಳ ಬಣ್ಣ ಚೆನ್ನಾಗಿದೆ, ಆದರೆ ತುದಿ ಕಂದಾಗಿ ಸುಟ್ಟಂತಿದೆ. ಪೂರ್ವದಿಕ್ಕಿನ ಬಾಲ್ಕನಿ, ಹತ್ತು ಗಂಟೆಯ ತನಕ ಬಿಸಿಲು. ದಿನಕ್ಕೊಮ್ಮೆ ನೀರು. ಗೊಬ್ಬರದ ಅಂಗಡಿಯವರ ಮಾತಿನಂತೆ ನಾಲ್ಕು ವಾರದ ಹಿಂದೆ ಎರಡು ಚಮಚ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಕಿದೆ. ಸ್ವಲ್ಪವೂ ಬದಲಾವಣೆ ಇಲ್ಲ. ಇನ್ನಷ್ಟು ಹಾಕಲೇ?

ಹಸಿರುಮನೆ, ಶಿವಮೊಗ್ಗ | ಫೆಬ್ರವರಿ 9

ನೀರು ಹೆಚ್ಚಾಗಿರಬಹುದು. ಕುಂಡದ ತೂತು ಕಟ್ಟಿಕೊಂಡಿದೆಯೇ ನೋಡಿ. ನನ್ನ ಗುಲಾಬಿಗೆ ಹೀಗೆಯೇ ಹಳದಿ ಬಂದಾಗ ಎಪ್ಸಂ ಉಪ್ಪು ಕೊಟ್ಟೆ, ಹದಿನೈದು ದಿನದಲ್ಲಿ ಸರಿಹೋಯಿತು. ಒಂದು ಲೀಟರ್ ನೀರಿಗೆ ಒಂದು ಚಮಚ ಹಾಕಿ ನೋಡಿ.

ಎರೆಮಣ್ಣು, ಧಾರವಾಡ | ಫೆಬ್ರವರಿ 10

ದಯವಿಟ್ಟು ಸದ್ಯಕ್ಕೆ ಯಾವುದನ್ನೂ ಹಾಕಬೇಡಿ, ಅನ್ನಭೇದಿಯನ್ನೂ ಬೇಡ.

ಹಸಿರುಮನೆ ಅವರೇ, ಎಪ್ಸಂ ಉಪ್ಪಿನಲ್ಲಿರುವುದು ಮೆಗ್ನೀಸಿಯಂ. ಅದು ಕಡಿಮೆಯಾದಾಗ ಗಿಡ ಹಳೆಯ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ, ಆದ್ದರಿಂದ ಹಳದಿ ಕೆಳಗಿನಿಂದ ಶುರುವಾಗುತ್ತದೆ. ನಿಮ್ಮ ಗುಲಾಬಿಗೆ ಹಾಗೆ ಆಗಿರಬೇಕು. ಕಬ್ಬಿಣವನ್ನು ಗಿಡ ಹಾಗೆ ಸಾಗಿಸಲಾರದು. ಒಮ್ಮೆ ಹಳೆಯ ಎಲೆಯನ್ನು ಸೇರಿದ ಕಬ್ಬಿಣ ಅಲ್ಲಿಯೇ ಉಳಿಯುತ್ತದೆ, ಚಿಗುರು ಉಪವಾಸ ಬೀಳುತ್ತದೆ. ಇಲ್ಲಿ ಹಳದಿಯಾಗಿರುವುದು ಚಿಗುರು.

ಸುಣ್ಣದ ಅಂಶ ಹೆಚ್ಚಿರುವ ಎರೆಹೊಲದಲ್ಲಿ ಶೇಂಗಾ ಬೆಳೆದವರಿಗೆ ಈ ಹಳದಿ ಚೆನ್ನಾಗಿ ಗೊತ್ತು. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿರುತ್ತದೆ, ಆದರೆ ಬೇರಿಗೆ ಸಿಗುವುದಿಲ್ಲ. ಪಿಎಚ್ ಎಂದರೆ ಮಣ್ಣಿನ ಹುಳಿಯ ಅಳತೆ, ಹುಳಿ ಹೆಚ್ಚಿದರೆ ಅಂಕಿ ಇಳಿಯುತ್ತದೆ, ಸುಣ್ಣ ಹೆಚ್ಚಿದರೆ ಏರುತ್ತದೆ. ಅದು ಒಂದು ಅಂಕಿ ಏರಿದರೆ ಕರಗುವ ಕಬ್ಬಿಣ ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಜೇಲಿಯಾ ರೋಡೋಡೆಂಡ್ರಾನ್ ಕುಲದ ಗಿಡ, ಆಮ್ಲೀಯ ಮಣ್ಣಿನದೇ ಕೂಸು. ಅದಕ್ಕೆ 4.5ರಿಂದ 6ರ ನಡುವಿನ ಪಿಎಚ್ ಬೇಕು. ನೀವು ಹಾಕಿದ ಅನ್ನಭೇದಿ ಬಹುಶಃ ಕುಂಡದಲ್ಲಿಯೇ ತುಕ್ಕಾಗಿ ಕುಳಿತಿದೆ. ಇನ್ನೂ ನಾಲ್ಕು ಚಮಚ ಹಾಕಿದರೆ ಬೇರು ಸುಟ್ಟೀತು.

ನೀರು ಯಾವುದು, ಮಣ್ಣಿಗೆ ಏನೇನು ಬೆರೆಸಿದಿರಿ, ಬೂದಿ ಅಥವಾ ಮೊಟ್ಟೆಚಿಪ್ಪು ಹಾಕುವ ಅಭ್ಯಾಸವಿದೆಯೇ, ಇಷ್ಟು ತಿಳಿಸಿ. ಎಲೆಯ ಕೆಳಗೆ ನುಸಿ ಇದೆಯೇ ಎಂಬುದನ್ನೂ ನೋಡಿ. ನುಸಿಯಾದರೆ ಹಳದಿ ಚುಕ್ಕೆ ಚುಕ್ಕೆಯಾಗಿರುತ್ತದೆ, ಹೀಗೆ ಬಲೆಯಂತೆ ಇರುವುದಿಲ್ಲ.

ತಾರಸಿತೋಟ, ಬೆಂಗಳೂರು | ಫೆಬ್ರವರಿ 10

ನುಸಿ ಇಲ್ಲ, ಭೂತಗನ್ನಡಿಯಲ್ಲಿ ನೋಡಿದೆ. ತೂತಿನಿಂದ ನೀರು ಸರಾಗವಾಗಿ ಇಳಿಯುತ್ತದೆ. ಕೆಂಪುಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕೊಟ್ಟಿಗೆ ಗೊಬ್ಬರ ಸಮಸಮ. ಮೊಟ್ಟೆಚಿಪ್ಪಿನ ಪುಡಿ ಎರಡು ಬಾರಿ ಹಾಕಿದ್ದೇನೆ, ಹೂಗಿಡಗಳಿಗೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರಲ್ಲ. ನಮ್ಮದು ಬೋರ್‌ವೆಲ್ ನೀರು. ಅಡುಗೆಮನೆಯ ಆರ್‌ಒ ಯಂತ್ರ ಹೊರಹಾಕುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಎಲ್ಲ ಗಿಡಗಳಿಗೂ ಅದನ್ನೇ ಹಾಕುತ್ತೇನೆ. ನೀರು ವ್ಯರ್ಥವಾಗಬಾರದು ಎಂಬ ಕಾಳಜಿ.

ಎರೆಮಣ್ಣು, ಧಾರವಾಡ | ಫೆಬ್ರವರಿ 10

ನಿಮ್ಮ ಕಾಳಜಿ ದೊಡ್ಡದು, ಆದರೆ ಈ ಗಿಡಕ್ಕೆ ಆ ನೀರು ಆಗದು. ಬೋರ್‌ವೆಲ್ ನೀರಿನಲ್ಲಿದ್ದ ಸುಣ್ಣ ಮತ್ತು ಲವಣವನ್ನು ಆರ್‌ಒ ಯಂತ್ರ ನಿಮ್ಮ ಕುಡಿಯುವ ಲೋಟದಿಂದ ತೆಗೆದು ಆ ಬಕೆಟ್‌ಗೆ ಸೇರಿಸುತ್ತದೆ. ಎಲೆಯ ತುದಿ ಸುಟ್ಟಿರುವುದಕ್ಕೆ ಲವಣವೇ ಕಾರಣವಿರಬೇಕು. ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ.

ಅಜೇಲಿಯಾಗೆ ಮಳೆ ಬರುವ ತನಕ ಆರ್‌ಒ ಶುದ್ಧ ನೀರನ್ನೇ ಕೊಡಿ. ಒಂದೇ ಗಿಡವಲ್ಲವೇ, ದಿನಕ್ಕೆ ಒಂದು ಲೀಟರ್ ಸಾಕು. ಮೊಟ್ಟೆಚಿಪ್ಪು ಕೂಡ ಸುಣ್ಣವೇ, ಅದನ್ನು ಮೇಲಿನಿಂದ ಕೆರೆದು ತೆಗೆಯಿರಿ. ತುರ್ತಿಗೆ ಎಲೆಯ ಮೇಲೆ ಸಿಂಪಡಣೆ ಮಾಡಬಹುದು. ಒಂದು ಲೀಟರ್ ಶುದ್ಧ ನೀರಿಗೆ 2 ಗ್ರಾಂ ಅನ್ನಭೇದಿ, ಒಂದು ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ), ಸಂಜೆಯ ಹೊತ್ತು, ಹತ್ತು ದಿನಕ್ಕೊಮ್ಮೆ. ಬೆಳೆಗಳಿಗೆ 5 ಗ್ರಾಂ ಹೇಳುತ್ತಾರೆ, ಈ ಎಲೆ ಮೃದು, ಅಷ್ಟು ಬೇಡ. ಪಿಎಚ್ ಕಾಗದ ತಂದಿಟ್ಟುಕೊಳ್ಳಿ. ಒಂದು ಪಾಲು ಮಣ್ಣಿಗೆ ಎರಡು ಪಾಲು ಶುದ್ಧ ನೀರು ಬೆರೆಸಿ, ಅರ್ಧ ಗಂಟೆ ಬಿಟ್ಟು, ತಿಳಿಯಲ್ಲಿ ಕಾಗದ ಅದ್ದಿ.

ತಾರಸಿತೋಟ, ಬೆಂಗಳೂರು | ಮಾರ್ಚ್ 4

ಮೂರು ವಾರ ನೀವು ಹೇಳಿದಂತೆಯೇ ಮಾಡಿದೆ. ಸಿಂಪಡಿಸಿದ ಎಲೆಗಳಲ್ಲಿ ಹನಿ ಬಿದ್ದ ಕಡೆಯೆಲ್ಲ ಹಸಿರು ಮೂಡಿದೆ, ಅದನ್ನು ಕಂಡು ಎಷ್ಟು ಸಂತೋಷವಾಯಿತೆಂದರೆ ಹೇಳಲಾರೆ. ಆದರೆ ಆಮೇಲೆ ಬಂದ ಚಿಗುರು ಮತ್ತೆ ಹಳದಿ. ಮಣ್ಣಿನ ಪಿಎಚ್ ಮೊದಲ ದಿನ 7.5 ಇತ್ತು, ಇಂದೂ ಅಷ್ಟೇ. ಶುದ್ಧ ನೀರಿನದು 6. ಸುಣ್ಣ ಒಳಬರುವ ದಾರಿಯನ್ನೆಲ್ಲ ಮುಚ್ಚಿದ ಮೇಲೂ ಏಕೆ ಇಳಿಯುತ್ತಿಲ್ಲ?

ಕಾಫಿಬೆಟ್ಟ, ಮಡಿಕೇರಿ | ಮಾರ್ಚ್ 4

ತಂಗಿ, ಕುಂಡ ಯಾವುದರದ್ದು?

ತಾರಸಿತೋಟ, ಬೆಂಗಳೂರು | ಮಾರ್ಚ್ 4

ಸಿಮೆಂಟ್ ಕುಂಡ ಅಣ್ಣಾ. ಬೇಸಿಗೆಯಲ್ಲಿ ತಂಪಾಗಿರಲಿ ಎಂದು ನವೆಂಬರ್‌ನಲ್ಲಿ ಹೊಸದಾಗಿ ಕೊಂಡೆ. ಹೊರಮೈಯಲ್ಲಿ ಬಿಳಿ ಪೊರೆ ಕಟ್ಟಿದೆ, ತೇವದಿಂದ ಬಂದದ್ದು ಎಂದುಕೊಂಡಿದ್ದೆ.

ಕಾಫಿಬೆಟ್ಟ, ಮಡಿಕೇರಿ | ಮಾರ್ಚ್ 4

ಆ ಬಿಳಿ ಪೊರೆಯ ಮೇಲೆ ನಿಂಬೆರಸದ ನಾಲ್ಕು ಹನಿ ಬಿಟ್ಟು ನೋಡಿ. ಬುರುಬುರು ನೊರೆ ಎದ್ದರೆ ಅದು ಸುಣ್ಣ. ಹೊಸ ಸಿಮೆಂಟ್ ತಿಂಗಳುಗಟ್ಟಲೆ ಸುಣ್ಣ ಬಿಡುತ್ತದೆ, ಅದು ಹೊರಮೈಗೆ ಬಂದ ಹಾಗೆ ಒಳಗೂ ಇಳಿಯುತ್ತದೆ. ಅಜೇಲಿಯಾ ಬೇರು ಕೂದಲಿನಷ್ಟು ಸಣ್ಣದು, ಮೇಲ್ಮಣ್ಣಿನಲ್ಲಿಯೇ ಹರಡಿ ಕುಂಡದ ಗೋಡೆಗೆ ಅಂಟಿಕೊಳ್ಳುತ್ತದೆ. ಎಷ್ಟು ಒಳ್ಳೆಯ ನೀರು ಕೊಟ್ಟರೂ ಗೋಡೆಯಿಂದ ಸುಣ್ಣ ಬರುತ್ತಲೇ ಇರುತ್ತದೆ.

ಇದನ್ನು ನಾನು ನಷ್ಟ ಅನುಭವಿಸಿಯೇ ಕಲಿತದ್ದು. ನಮ್ಮ ಅಂಗಳದಲ್ಲಿ ಒಂದೇ ದಿನ ನೆಟ್ಟ ಆರು ಗಿಡಗಳಲ್ಲಿ ಮೆಟ್ಟಿಲಿಗೆ ತಾಗಿದ ಎರಡು ಮಾತ್ರ ಹಳದಿಯಾಗುತ್ತಿದ್ದವು. ಅಗೆದಾಗ ಮನೆ ಕಟ್ಟುವಾಗ ಉಳಿದ ಗಾರೆ ಅಲ್ಲಿಯೇ ಹೂತಿತ್ತು. ಎರಡರಲ್ಲಿ ಒಂದು ಸತ್ತೇ ಹೋಯಿತು. ನಮ್ಮ ಕಡೆಯ ಮಣ್ಣು ಹುಳಿಯಾಗಿರುವುದರಿಂದ ಕಾಫಿಗೆ ಕೆಲವು ವರ್ಷಕ್ಕೊಮ್ಮೆ ಸುಣ್ಣ ಎರಚುತ್ತೇವೆ. ಆ ದಿನ ಅಜೇಲಿಯಾ ಬುಡಗಳ ಮೇಲೆ ಗೋಣಿ ಹೊದಿಸುವುದು ನನಗೀಗ ಅಭ್ಯಾಸವಾಗಿದೆ. ನಿಮ್ಮ ಅಜ್ಜಿಯ ಗಿಡ ಹಾಗೆ ಹೂ ಬಿಟ್ಟದ್ದು ಆ ಹುಳಿ ಮಣ್ಣು, ಮಳೆ ಮತ್ತು ಬುಡಕ್ಕೆ ಬಿದ್ದ ತರಗೆಲೆಯ ಬಲದಿಂದ.

ತಾರಸಿತೋಟ, ಬೆಂಗಳೂರು | ಮಾರ್ಚ್ 5

ನೊರೆ ಎದ್ದಿತು. ಈಗ ಹೇಗೆ ಬದಲಾಯಿಸಲಿ? ಬೇರು ಹರಿಯುವ ಭಯ.

ಕಾಫಿಬೆಟ್ಟ, ಮಡಿಕೇರಿ | ಮಾರ್ಚ್ 5

ಸುಟ್ಟ ಮಣ್ಣಿನ ಕುಂಡ ತನ್ನಿ. ಅಗಲವಾಗಿರಲಿ, ಆಳ ಬೇಡ. ಎರಡು ಪಾಲು ಚೆನ್ನಾಗಿ ತೊಳೆದ ಕೋಕೋಪೀಟ್, ಎರಡು ಪಾಲು ಕಳಿತ ಎಲೆಗೊಬ್ಬರ, ಒಂದು ಪಾಲು ತೆಂಗಿನ ಸಿಪ್ಪೆಯ ದಪ್ಪ ಚೂರು, ಒಂದು ಪಾಲು ಕೆಂಪುಮಣ್ಣು ಬೆರೆಸಿ, ಪಿಎಚ್ ನೋಡಿಯೇ ತುಂಬಿ. ಹಸಿ ಸಗಣಿ, ಬೂದಿ ಬೇಡವೇ ಬೇಡ.

ಹಿಂದಿನ ರಾತ್ರಿ ನೀರು ಕೊಟ್ಟು ಬೆಳಿಗ್ಗೆ ಬೇಗ ಕೆಲಸ ಮಾಡಿ. ಬೇರಿನ ಮುದ್ದೆಯ ಹೊರಭಾಗ, ಒಂದು ಬೆರಳಿನಷ್ಟು, ಮೆಲ್ಲಗೆ ಕೈಯಿಂದ ಬಿಡಿಸಿ ಸಿಮೆಂಟ್ ತಾಗಿದ ಮಣ್ಣನ್ನು ಉದುರಿಸಿ. ಒಳಗಿನದನ್ನು ಶುದ್ಧ ನೀರಿನಲ್ಲಿ ಅದ್ದಿ ಎರಡು ಬಾರಿ ತೊಳೆಯಿರಿ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಇಡಿ, ಕಾಂಡ ಹೂತರೆ ಕೊಳೆಯುತ್ತದೆ. ಮೇಲೆ ಎರಡಂಗುಲ ತರಗೆಲೆ ಹೊದಿಸಿ. ನಾನು ಸಿಲ್ವರ್ ಓಕ್ ಎಲೆ ಹಾಕುತ್ತೇನೆ, ನಿಮ್ಮ ಬೀದಿಯಲ್ಲಿ ಬೀಳುವ ಯಾವ ಒಣ ಎಲೆಯಾದರೂ ಸರಿ. ಎರಡು ವಾರ ಪೂರ್ತಿ ನೆರಳು. ಬೇಸಿಗೆಯಲ್ಲಿ ಬಿಸಿಲನ್ನು ಒಂಬತ್ತು ಗಂಟೆಗೇ ತಡೆಯಿರಿ. ಕೋಕೋಪೀಟ್ ಒಮ್ಮೆ ಪೂರ್ತಿ ಒಣಗಿದರೆ ನೀರು ಬದಿಯಿಂದ ಜಾರಿ ಹೋಗುತ್ತದೆ. ಹಾಗಾದಾಗ ಕುಂಡವನ್ನೇ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಳಿಬಿಡಿ.

ಮನೆಯಲ್ಲಿ ನಾಯಿ ಇದ್ದರೆ ಗಿಡ ಎತ್ತರದಲ್ಲಿರಲಿ. ಈ ಎಲೆ, ಹೂ ಎರಡೂ ವಿಷ. ನಾವು ದನ ಮತ್ತು ಆಡುಗಳನ್ನು ಹತ್ತಿರ ಬಿಡುವುದಿಲ್ಲ.

ಹಸಿರುಮನೆ, ಶಿವಮೊಗ್ಗ | ಮಾರ್ಚ್ 5

ಕಾಫಿಪುಡಿಯ ಚರಟ ಹಾಕಿದರೆ ಮಣ್ಣು ಹುಳಿಯಾಗುತ್ತದೆ ಎನ್ನುತ್ತಾರಲ್ಲ?

ಎರೆಮಣ್ಣು, ಧಾರವಾಡ | ಮಾರ್ಚ್ 6

ಹುಳಿಯ ಬಹುಪಾಲು ಡಿಕಾಕ್ಷನ್‌ನಲ್ಲಿ ಹೋಗಿಬಿಡುತ್ತದೆ, ಉಳಿದ ಚರಟದಿಂದ ಪಿಎಚ್ ಅಷ್ಟಾಗಿ ಇಳಿಯದು. ದಪ್ಪವಾಗಿ ಹಾಕಿದರೆ ಹೆಪ್ಪುಗಟ್ಟಿ ಬೇರಿಗೆ ಗಾಳಿ ತಪ್ಪಿಸುತ್ತದೆ. ಅದನ್ನು ಕಾಂಪೋಸ್ಟ್ ಗುಂಡಿಗೆ ಹಾಕಿ. ಕುಂಡದ ವಿಷಯ ನನಗೆ ಹೊಳೆಯಲೇ ಇಲ್ಲ, ಕಾಫಿಬೆಟ್ಟ ಅವರಿಗೆ ಧನ್ಯವಾದ.

ತಾರಸಿತೋಟ, ಬೆಂಗಳೂರು | ಜೂನ್ 21

ಮಾರ್ಚ್‌ನಲ್ಲಿ ಕುಂಡ ಬದಲಾಯಿಸಿದೆ. ಹತ್ತು ದಿನ ಎಲೆ ಜೋತುಬಿದ್ದಿತ್ತು, ಕಳೆದುಕೊಂಡೆ ಎಂದೇ ಭಾವಿಸಿದ್ದೆ. ಏಪ್ರಿಲ್ ಕೊನೆಗೆ ಚಿಗುರಿತು, ಈ ಬಾರಿ ತಿಳಿಹಸಿರು! ಈಗ ಪಿಎಚ್ 5.5. ಮಳೆನೀರನ್ನು ಪ್ಲಾಸ್ಟಿಕ್ ಡ್ರಮ್‌ನಲ್ಲಿ ಹಿಡಿಯುತ್ತಿದ್ದೇನೆ, ಹೊಸ ಸಿಮೆಂಟ್ ತೊಟ್ಟಿಯದನ್ನು ಮುಟ್ಟುತ್ತಿಲ್ಲ. ಹಳೆಯ ಹಳದಿ ಎಲೆಗಳು ಮಾತ್ರ ಹಾಗೆಯೇ ಇವೆ. ಅವನ್ನು ತೆಗೆಯಲೇ? ಕೊಂಬೆಗಳೂ ಉದ್ದವಾಗಿವೆ, ಕತ್ತರಿಸಬಹುದೇ?

ಕಾಫಿಬೆಟ್ಟ, ಮಡಿಕೇರಿ | ಜೂನ್ 22

ಬಹಳ ಸಂತೋಷ ತಂಗಿ. ಹಳದಿ ಎಲೆ ಪೂರ್ತಿ ಹಸಿರಾಗದು, ತಾನಾಗಿ ಉದುರಲಿ. ಕತ್ತರಿಯನ್ನು ಈಗ ಮುಟ್ಟಬೇಡಿ. ಮುಂದಿನ ಹೂವಿನ ಮೊಗ್ಗು ಈ ವರ್ಷದ ಚಿಗುರಿನ ತುದಿಯಲ್ಲಿಯೇ ಕೂರುತ್ತದೆ, ಈಗ ಕತ್ತರಿಸಿದರೆ ಹೂವನ್ನೇ ಕತ್ತರಿಸಿದಂತೆ. ಹೂ ಮುಗಿದ ಎರಡು ಮೂರು ವಾರದೊಳಗೆ ಸವರಿ.

ತಾರಸಿತೋಟ, ಬೆಂಗಳೂರು | ಜನವರಿ 18

ಹದಿನಾಲ್ಕು ಮೊಗ್ಗು. ಮೂರು ಇಂದು ಬೆಳಿಗ್ಗೆ ಅರಳಿವೆ, ಅಮ್ಮನಿಗೆ ತೋರಿಸಿದೆ. ಕತ್ತರಿಯನ್ನು ಫೆಬ್ರವರಿಯ ತನಕ ಒಳಗಿಟ್ಟಿದ್ದೇನೆ.