ಶಾನುಭೋಗರ ಹಳೇ ಕಡತ: ಬಿಡಿಸುವುದು, ಓದುವುದು ಹೇಗೆ?

ಪ್ರಶ್ನೆ
ಹಾಸನ ಸೀಮೆಯ ಒಂದು ಶಾನುಭೋಗಿಕೆ ಮನೆಯ ಅಟ್ಟದಲ್ಲಿ ಸಿಕ್ಕ ಕಡತ (ಮಡಚಿಡುವ ಬಟ್ಟೆಯ ಲೆಕ್ಕದ ಪುಸ್ತಕ) ಇದು. ಕಪ್ಪು ಬಟ್ಟೆ, ಬಿಳಿ ಬರಹ, ಎರಡು ತುದಿಗೂ ತೆಳು ಹಲಗೆ. ಕೆಲವು ಮಡಿಕೆ ಅಂಟಿಕೊಂಡಿವೆ. ‘ಧಾತು ಸಂವತ್ಸರ’ ಎಂದಷ್ಟೇ ಇದೆ, ಶಕವರ್ಷ ಇಲ್ಲ. ಅಂಕಿಗಳ ಪಕ್ಕ ಸಣ್ಣ ಗೆರೆಗಳಿವೆ. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಬಹುದಾ? ಕಾಲ ಪತ್ತೆ ಹಚ್ಚೋದು ಹೇಗೆ?

ಉತ್ತರ 1
ದಯವಿಟ್ಟು ನೀರು ಸೋಕಿಸಬೇಡಿ! ಹುಣಸೆಬೀಜದ ಸರಿ, ಅಂದರೆ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಬಳಪದಲ್ಲಿ ಬರೆದದ್ದು ಅದು. ಅಳಿಸಿ ಮತ್ತೆ ಬರೆಯಲೆಂದೇ ಹಾಗೆ ಮಾಡುತ್ತಿದ್ದರು. ಒದ್ದೆ ಕೈ ತಾಗಿದರೂ ಲೆಕ್ಕ ಹೋಯಿತು. ಧೂಳಿದ್ದರೂ ಬರಹದ ಮೇಲೆ ಏನನ್ನೂ ಉಜ್ಜಬೇಡಿ.

ಅಂಟಿದ ಮಡಿಕೆ ಎಳೆದರೆ ಲೇಪ ಹೆಕ್ಕಳಿಕೆಯಾಗಿ (ಚಕ್ಕೆ ಚಕ್ಕೆಯಾಗಿ) ಏಳುತ್ತದೆ, ಅಕ್ಷರವೂ ಅದರೊಂದಿಗೇ ಬರುತ್ತದೆ. ಅವನ್ನು ಸಂರಕ್ಷಣೆ ಬಲ್ಲವರಿಗೇ ಬಿಡಿ. ಬಿಚ್ಚಿಕೊಳ್ಳುವಷ್ಟನ್ನು ಮಾತ್ರ ಒಂದೊಂದಾಗಿ ಬಿಚ್ಚಿ, ಕ್ರಮಸಂಖ್ಯೆಯ ಚೀಟಿ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಪೂರ್ತಿ ಬಿಡಿಸಿದರೆ 12ರಿಂದ 18 ಅಡಿ ಉದ್ದ ಬರಬಹುದು, ಉದ್ದನೆಯ ಮೇಜು ಬೇಕು. ಫ್ಲ್ಯಾಶ್ ಬೇಡ. ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ. ಆಗ ಅಳಿಸಿದ ಹಳೆಯ ಸಾಲುಗಳ ಗೀರು ಕೂಡ ಕೆಲವೊಮ್ಮೆ ಕಾಣುತ್ತದೆ. ಸರಿಯ ರುಚಿಗೆ ಹುಳು ಬರುತ್ತವೆ. ಪ್ಲಾಸ್ಟಿಕ್ ಚೀಲ ಬೇಡ, ಒಗೆದು ಒಣಗಿಸಿದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಿ.

ಉತ್ತರ 2
ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಧಾತು ಅಂದರೆ 1756, 1816 ಅಥವಾ 1876ರ ಯುಗಾದಿಯಿಂದ ಶುರುವಾದ ವರ್ಷ. ತಿಥಿಯ ಜೊತೆ ವಾರವೂ ಇದ್ದರೆ ಮೂರೂ ವರ್ಷಗಳ ಪಂಚಾಂಗಕ್ಕೆ ಹೋಲಿಸಿ, ಸಾಮಾನ್ಯವಾಗಿ ಒಂದೇ ಉಳಿಯುತ್ತದೆ.

ಗೆರೆಗಳು ಭಿನ್ನರಾಶಿ. ನಿಂತ ಗೆರೆ ಕಾಲು, ಓರೆ ಗೆರೆ ವೀಸ, ಅಂದರೆ ಹದಿನಾರರಲ್ಲೊಂದು. 7 ಹಣದ ಪಕ್ಕ ಎರಡು ನಿಂತ ಗೆರೆ, ಮೂರು ಓರೆ ಗೆರೆ ಇದ್ದರೆ ಏಳೂವರೆ ಹಣ ಮೂರು ವೀಸ. ಹಣ, ವರಾಹ ಎರಡೂ ಹಳೆಯ ನಾಣ್ಯದ ಲೆಕ್ಕ. ಮೈಸೂರಿನ ಕಂಠೀರಾಯಿ ಲೆಕ್ಕದಲ್ಲಿ 10 ಹಣಕ್ಕೆ ಒಂದು ವರಾಹ. ಓದಿದ್ದು ಸರಿಯೇ ಎಂದು ತಿಳಿಯಲು ಬಾಬುಗಳನ್ನು (ಲೆಕ್ಕದ ಒಂದೊಂದು ಕಲಮನ್ನು) ಕೂಡಿ, ಕೊನೆಯ ಜುಮ್ಲಾಕ್ಕೆ (ಒಟ್ಟು ಮೊತ್ತಕ್ಕೆ) ತಾಳೆ ನೋಡಿ.

ಬಹಳ ಜನ ಎಡವುವುದು ‘ಖಂಡುಗ’ದಲ್ಲಿ. ಧಾನ್ಯವಾದರೆ 20 ಕೊಳಗ (ಧಾನ್ಯ ಅಳೆಯುವ ಪಾತ್ರೆ). ಹೊಲಗದ್ದೆಯ ಮುಂದಿದ್ದರೆ ಅಷ್ಟು ಬೀಜ ಹಿಡಿಯುವ ಭೂಮಿ. ಗದ್ದೆಯ ಖಂಡುಗಕ್ಕಿಂತ ಬೆದ್ದಲಿನದು (ಮಳೆಯಾಶ್ರಿತ ಹೊಲದ್ದು) ಎಷ್ಟೋ ದೊಡ್ಡದು. ಕೊಳಗವೂ ಊರಿಂದೂರಿಗೆ ಬೇರೆ. ಆದ್ದರಿಂದ ಕಿಲೋಗೆ, ಎಕರೆಗೆ ತಿರುಗಿಸದೆ ಇದ್ದದ್ದನ್ನು ಇದ್ದಂತೆ ನಕಲು ಮಾಡಿ.

ಪ್ರಶ್ನೆ ಕೇಳಿದವರು
ಕಂದಾಯದ ಬಾಬೆಲ್ಲ ರೂಪಾಯಿ, ಆಣೆಯಲ್ಲೇ ಇದೆ.

ಉತ್ತರ 2
ವರಾಹ, ಹಣದ ಹಳೆಯ ಲೆಕ್ಕ ಅಲ್ಲ ಅಂದಮೇಲೆ 1876ರದ್ದೇ ಇರುವ ಸಂಭವ ಹೆಚ್ಚು, ಧಾತು ಬರಗಾಲದ ವರ್ಷ. ಬಾಕಿಯ ಸಾಲುಗಳನ್ನು, ಬಾಕಿದಾರರ ಹೆಸರಿನ ಮುಂದೆ ಬರೆದ ಷರಾವನ್ನು (ಟಿಪ್ಪಣಿಯನ್ನು) ಒಂದಕ್ಷರ ಬಿಡದೆ ಮೊದಲು ನಕಲು ಮಾಡಿಕೊಳ್ಳಿ.