43 ವಯಸ್ಸಿನಾಗ ದೇವರ ಸೇವೆಗೆ ಕರೆ ಬಂದಂಗ ಅನಸ್ತದ, ಮನ್ಯಾಗ ಎರಡು ಮಕ್ಕಳು, ಏನ್ ಮಾಡ್ಲಿ?

ಹುಬ್ಬಳ್ಳಿ ಫಿಟ್ಟರ್:

ಎಲ್ಲಾರಿಗೂ ಕರ್ತನ ಹೆಸರಿನ್ಯಾಗ ವಂದನೆ. ಭಾಳ ದಿನದಿಂದ ಬರೀಬೇಕು ಬರೀಬೇಕು ಅಂತ ಇದ್ದೆ, ಇವತ್ತ ಬರ್ಯಾಕತ್ತೀನಿ. ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಾಗ ಫಿಟ್ಟರ್. ಅಪ್ಪ ಸರ್ವಿಸ್‌ನಾಗ ಇದ್ದಾಗನ ತೀರಿಕೊಂಡ್ರು, 2003ರಾಗ ಅವರ ಅನುಕಂಪದ ಮ್ಯಾಲೆ ನನಗ ನೌಕರಿ ಸಿಕ್ತು, ಆಮ್ಯಾಲೆ ಎಕ್ಸ್‌ಟರ್ನಲ್ ಕಟ್ಟಿ ಬಿಎ ಮಾಡ್ಕೊಂಡೆ. ನಮ್ಮದು ಬಾಸೆಲ್ ಮಿಷನ್ ಅನ್ನೂ ವಿದೇಶಿ ಮಿಷನರಿಗಳ ಕಾಲದ ಸಭಾ (ಚರ್ಚು), ಈಗ ಚರ್ಚ್ ಆಫ್ ಸೌತ್ ಇಂಡಿಯಾ, ಅಂದ್ರ ಸಿಎಸ್‌ಐ. ಅಜ್ಜ ಉಪದೇಶಿ ಆಗಿದ್ರಂತ. ನಾನು ಹದಿನೈದು ವರ್ಷ ಸಂಡೇ ಸ್ಕೂಲ್ ನಡಸೀನಿ, ಅಯ್ಯನವರು (ನಮ್ಮ ಪಾಸ್ಟರ್) ಬ್ಯಾರೆ ಊರಿಗೆ ಹೋದಾಗ ಒಮ್ಮೊಮ್ಮೆ ಪ್ರಸಂಗಾನೂ ಮಾಡೀನಿ.

ಹೋದ ವರ್ಷ ಏನಾತಂದ್ರ, ನನಗ ಕೆಲಸಾ ಕಲಿಸಿದ ಹಿರಿಯರು ರೈಲ್ವೆ ಆಸ್ಪತ್ರ್ಯಾಗ ಅಡ್ಮಿಟ್ ಆಗಿದ್ರು. ಅವರು ನಮ್ಮ ಸಭಾದವರಲ್ಲ, ಲಿಂಗಾಯತರು. ರಾತ್ರಿ ಹತ್ರ ಇರಾಕ ಯಾರೂ ಇರಲಿಲ್ಲ, ಅದಕ್ಕ ನಾನು ಶಿಫ್ಟ್ ಮುಗಿಸಿ ಎಂಟು ದಿನಾ ಹೋಗಿ ಕುಂಡ್ರತಿದ್ದೆ. ಒಂದ್ ರಾತ್ರಿ ಎರಡು ಗಂಟೆ ಆಗಿರಬೇಕು, ನನ್ನ ಕೈ ಹಿಡಕೊಂಡು "ನಿಮ್ಮ ದೇವರ ಹತ್ರ ಏನರ ಕೇಳಪಾ ನನ್ನ ಸಲುವಾಗಿ" ಅಂದ್ರು. ನಾನು ಬೈಬಲಿನ ಇಪ್ಪತ್ತಮೂರನೇ ಕೀರ್ತನಿ ಹೇಳಾಕ ಶುರು ಮಾಡಿದೆ, ಅರ್ಧಕ್ಕ ಮರ್ತೆ, ಮತ್ತ ಮೊದಲಿಂದ ಹೇಳಿದೆ. ಅವರು ಕಣ್ಣು ಮುಚ್ಚಿದ್ರು, ಕೈ ಬಿಡಲಿಲ್ಲ. ಮೂರನೇ ದಿನ ಹೋದ್ರು. ಅವತ್ತಿನಿಂದ ಶಾಪ್‌ನಾಗ ನಿಂತ್ರೂ ಮನಸ್ಸು ಅಲ್ಲೇ ಇರತದ, ಉಳಿದ ಆಯುಷ್ಯ ಇದಕ್ಕ ಕೊಡಬೇಕು ಅನಸ್ತದ.

ಮಗಳು ಒಂಬತ್ತನೇತ್ತ, ಮಗ ನಾಲ್ಕನೇತ್ತ. ಮನಿಯಾಕಿ ಒಂದು ಪ್ರೈವೇಟ್ ಸ್ಕೂಲ್‌ನಾಗ ಟೀಚರ್. "ದೇವರ ಚಿತ್ತ ಇದ್ರ ಆಗ್ಲಿ" ಅಂದಾಳ. ಈ ವಯಸ್ಸಿನಾಗ ಸೆಮಿನರಿಗೆ (ಪಾಸ್ಟರ್ ಆಗಾಕ ಓದೂ ಕಾಲೇಜಿಗೆ) ತಗೋತಾರೇನು? ನೌಕರಿ ಬಿಟ್ರ ಮಕ್ಕಳ ಗತಿ ಏನು? ಗೊತ್ತಿದ್ದವರು ಖರೇ ಹೇಳ್ರಿ, ಸುಮ್ನ ಧೈರ್ಯ ಹೇಳೂದು ಬ್ಯಾಡ.

ಬಲ್ಮಠ ಹಳೇ ವಿದ್ಯಾರ್ಥಿ:

ಬ್ರದರ್, ನಾನು ಹೈಸ್ಕೂಲ್ ಮೇಷ್ಟ್ರ ಕೆಲಸ ಬಿಟ್ಟು 36ನೇ ವಯಸ್ಸಿಗೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜ್ ಸೇರಿದವನು, ಹಾಗಾಗಿ ನನಗೆ ಗೊತ್ತಿರೋದನ್ನ ಹೇಳ್ತೇನೆ. ಬಾಸೆಲ್ ಮಿಷನ್ನಿನವರು 1847ರಲ್ಲಿ ಶುರು ಮಾಡಿದ ಸೆಮಿನರಿಯೂ ತುಮಕೂರಿನಲ್ಲಿದ್ದ ಸೆಮಿನರಿಯೂ 1965ರಲ್ಲಿ ಒಂದಾಗಿ ಈಗಿನ ಕಾಲೇಜ್ ಆದದ್ದು, ನಿಮ್ಮ ಅಜ್ಜನೂ ಇವೆರಡರಲ್ಲಿ ಎಲ್ಲಾದರೂ ಕಲಿತಿರಬಹುದು, ಮನೆಯಲ್ಲಿ ಹಳೇ ಕಾಗದ ಇದ್ರೆ ನೋಡಿ. ಪದವಿ ಕೊಡೋದು ಸೆರಾಂಪುರ್ ಕಾಲೇಜಿನ ಸೆನೆಟ್, ಡಿಗ್ರಿ ಆದವರಿಗೆ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ನಾಲ್ಕು ವರ್ಷ.

ಆದ್ರೆ ಕಾಲೇಜಿಗಿಂತ ಮೊದಲು ಡಯಾಸಿಸ್ (ಬಿಷಪ್ಪರ ಕೈಕೆಳಗಿನ ಧರ್ಮಪ್ರಾಂತ್ಯ) ಇದೆ. ನೀವೇ ಹೋಗಿ ಫೀಸ್ ಕಟ್ಟಿ ಓದಿ ಬಂದ ಮಾತ್ರಕ್ಕೆ ಸಭಾಪಾಲಕ ಆಗ್ಲಿಕ್ಕೆ ಆಗುದಿಲ್ಲ. ನಿಮ್ಮ ಅಯ್ಯನವರು, ಪಾಸ್ಟರೇಟ್ (ಒಬ್ಬ ಸಭಾಪಾಲಕರ ಕೈಕೆಳಗಿನ ಸಭೆಗಳ) ಕಮಿಟಿ ಶಿಫಾರಸು ಮಾಡಬೇಕು, ಡಯಾಸಿಸ್‌ನವರು ಇಂಟರ್ವ್ಯೂ ಮಾಡಿ ಅಭ್ಯರ್ಥಿ ಅಂತ ಒಪ್ಪಬೇಕು, ಓದು ಮುಗಿದ ಮೇಲೆ ಒಂದಷ್ಟು ಕಾಲ ಹಿರಿಯ ಸಭಾಪಾಲಕರ ಕೈಕೆಳಗೆ ಇರಬೇಕು, ಆಮೇಲೆ ಡೀಕನ್ ಅನ್ನುವ ಮೊದಲ ಹಂತದ ದೀಕ್ಷೆ, ಆಮೇಲೆ ಪ್ರೆಸ್ಬಿಟರ್, ಅಂದ್ರೆ ಪೂರ್ಣ ಸಭಾಪಾಲಕರ ದೀಕ್ಷೆ. ಲೆಕ್ಕ ಹಾಕಿದ್ರೆ ನಿಮಗೆ ದೀಕ್ಷೆ ಆಗುವಾಗ ಐವತ್ತು ಹತ್ರ ಬರ್ತದೆ. ಡಯಾಸಿಸ್ ಕಡೆಯವರು ವಯಸ್ಸನ್ನೂ ನೋಡಬಹುದು, ವಿನಾಯಿತಿ ಕೊಡ್ತಾರಾ ಅಂತ ಧಾರವಾಡದ ಡಯಾಸಿಸ್ ಆಫೀಸಲ್ಲೇ ಬಾಯಿಬಿಟ್ಟು ಕೇಳಿ. ಇದನ್ನ ಕೇಳದೆ ನೌಕರಿಗೆ ರಾಜೀನಾಮೆ ದಯವಿಟ್ಟು ಕೊಡಬೇಡಿ.

ಓದು ಆಗ್ತದೆ, ಅದರ ಭಯ ಬೇಡ. ನಾನು ಗ್ರೀಕ್ ಅಕ್ಷರಗಳನ್ನ ಚೀಟಿಯಲ್ಲಿ ಬರೆದು ಫ್ರಿಡ್ಜ್ ಬಾಗಿಲಿಗೆ ಅಂಟಿಸಿದ್ದೆ, ಯುಕೆಜಿ ಓದ್ತಿದ್ದ ಮಗಳು ಅಆಇಈ ಹೇಳುವಾಗ ನಾನು ಪಕ್ಕದಲ್ಲಿ ಕೂತು ಆಲ್ಫಾ ಬೀಟಾ ಹೇಳ್ತಿದ್ದೆ. ಇಪ್ಪತ್ತೆರಡರ ಹುಡುಗರು ಒಂದು ಸಲ ಓದಿದ್ದನ್ನ ನಾನು ಐದು ಸಲ ಓದಬೇಕಿತ್ತು, ಆದ್ರೆ ಸಾವಿನ ಮನೆಗೆ ಹೋಗಿ ಏನು ಮಾತಾಡೋದು, ಎಲ್ಲಿ ಸುಮ್ಮನಿರೋದು ಅಂತ ಅವರೇ ನನ್ನ ಹತ್ರ ಕೇಳ್ತಿದ್ರು.

ಅಯ್ಯನವರ ಮನೆಯವರು:

ತಮ್ಮಾ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಆ ಆಸ್ಪತ್ರೆ ವಿಷಯ ಓದಿ ಕಣ್ಣು ತುಂಬ್ತು, ಕರೆ ನಿಜ ಅಂತಲೇ ನನಗೂ ಅನ್ನಿಸ್ತು. ಆದ್ರೆ ಅಷ್ಟು ಉದ್ದ ಬರೆದು ಹೆಂಡತಿ ಬಗ್ಗೆ ಒಂದೇ ಒಂದು ಸಾಲು ಬರ್ದಿದೀರಲ್ಲ. "ದೇವರ ಚಿತ್ತ ಇದ್ರೆ ಆಗ್ಲಿ" ಅಂತ ನಾನೂ ಇಪ್ಪತ್ತಾರು ವರ್ಷದ ಹಿಂದೆ ಇದೇ ಮಾತು ಹೇಳಿದ್ದೆ. ನಮ್ಮಂಥ ಮನೆಗಳಲ್ಲಿ ಬೆಳೆದ ಹೆಣ್ಣುಮಕ್ಕಳು ದೇವರ ಕೆಲಸಕ್ಕೆ ಬೇಡ ಅನ್ನೋದು ಹೇಗೆ ಹೇಳಿ, ಬಾಯಿ ಬರಲ್ಲ. ಭಯ ಇದ್ರೂ ಆಗ್ಲಿ ಅಂತೀವಿ.

ಪಾರ್ಸನೇಜ್‌ನಲ್ಲಿ (ಸಭೆ ಕೊಡುವ ಅಯ್ಯನವರ ಮನೆಯಲ್ಲಿ) ಬಾಗಿಲು ಯಾವಾಗಲೂ ತೆರೆದಿರಬೇಕು. ಮದುವೆ ಜಗಳ ರಾತ್ರಿ ಹನ್ನೊಂದಕ್ಕೆ ಬರುತ್ತೆ, ಊಟ ಆಯ್ತಾ ಅಂತ ಕೇಳಿ ಅನ್ನಕ್ಕೆ ಇಡಬೇಕು. ಒಂದು ಊರಲ್ಲಿ ನಾಲ್ಕೈದು ವರ್ಷ, ಆಮೇಲೆ ಟ್ರಾನ್ಸ್‌ಫರ್. ನಾನು ಮೂರು ಸಲ ಕೆಲಸ ಬಿಟ್ಟೆ, ಪ್ರೈವೇಟ್ ಸ್ಕೂಲಲ್ಲಿ ಬಿಟ್ಟ ಕೂಡ್ಲೆ ಸರ್ವಿಸ್ ಹೋಯ್ತು, ಮತ್ತೆ ಹೊಸಬಳಾಗಿ ಕಡಿಮೆ ಸಂಬಳಕ್ಕೆ ಸೇರೋದು. ನಮ್ಮ ದೊಡ್ಡವನು ಹತ್ತನೇ ಕ್ಲಾಸಲ್ಲಿದ್ದಾಗ ಟ್ರಾನ್ಸ್‌ಫರ್ ಆಯ್ತು, ಅವನನ್ನ ಅಜ್ಜಿ ಮನೇಲಿ ಬಿಟ್ಟು ಹೋದ್ವಿ, ಬಸ್ ಹತ್ತುವಾಗ ಅವನು ತಿರುಗಿ ನೋಡ್ಲಿಲ್ಲ. ಈಗ ಚೆನ್ನಾಗೇ ಇದಾನೆ, ಆದ್ರೆ ಆ ಬಸ್ ಸ್ಟ್ಯಾಂಡ್ ನನಗೆ ಮರೆಯಲ್ಲ. ಈ ಜೀವನ ಬೇಡವಾಗಿತ್ತು ಅಂತ ಹೇಳ್ತಿಲ್ಲ, ನನಗೆ ಸಿಕ್ಕ ಪ್ರೀತಿ ಯಾವ ಆಫೀಸರ್ ಹೆಂಡತಿಗೂ ಸಿಕ್ಕಿರಲ್ಲ. ನನ್ನನ್ನ ಮೊದಲೇ ಕೂರಿಸಿ ಕೇಳಿದ್ರೆ ಮಗನ ಆ ವರ್ಷ ಉಳಿಸ್ಕೊಳ್ತಿದ್ದೆ ಅಷ್ಟೇ. ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಪೌಲ ಮನೆಯ ಆಡಳಿತ ಮೊದಲು, ಸಭೆ ಆಮೇಲೆ ಅಂತಾನಲ್ಲ. ನಿಮ್ಮ ಹೆಂಡತೀನ ಇನ್ನೊಂದು ಸಲ ಕೇಳಿ. ಅವರು ಮಾತಾಡುವಾಗ ನೀವು ಬೈಬಲ್ ವಾಕ್ಯ ತೆಗೀಬೇಡಿ, ಬರೀ ಕೇಳಿ.

ರಿಟೈರ್ಡ್ ವೆಲ್ಫೇರ್ ಇನ್ಸ್‌ಪೆಕ್ಟರ್, ಮೈಸೂರು:

ನಾನು ರೈಲ್ವೆ ವಿಚಾರ ಮಾತ್ರ ಹೇಳ್ತೀನಿ. ನೀವು 2003ರಲ್ಲಿ ಸೇರಿದ್ದು ಅಂದ್ರೆ 1-1-2004ಕ್ಕಿಂತ ಮುಂಚೆ, ಹಾಗಾಗಿ ಹಳೇ ಪೆನ್ಷನ್ ನಿಮಗುಂಟು, ಇದು ದೊಡ್ಡ ಭಾಗ್ಯ. ಕ್ವಾಲಿಫೈಯಿಂಗ್ ಸರ್ವಿಸ್ (ಪೆನ್ಷನ್ ಲೆಕ್ಕಕ್ಕೆ ಬರುವ ಸರ್ವಿಸ್) ಇಪ್ಪತ್ತು ವರ್ಷ ದಾಟಿದ್ರೆ ಮೂರು ತಿಂಗಳ ನೋಟಿಸ್ ಕೊಟ್ಟು ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೋಬಹುದು, ಕೊನೇ ಬೇಸಿಕ್‌ನ ಅರ್ಧ ಪೆನ್ಷನ್, ಅದರ ಮೇಲೆ ಡಿಆರ್ (ತುಟ್ಟಿ ಪರಿಹಾರ), ಜೊತೆಗೆ ಗ್ರಾಚುಯಿಟಿ, ಪಿಎಫ್. ರಿಟೈರ್ ಆದವರ ಮೆಡಿಕಲ್ ಸ್ಕೀಮಿಗೂ ಇಪ್ಪತ್ತು ವರ್ಷ ಇರಬೇಕು. ರಾಜೀನಾಮೆ ಬೇರೆ, ವಿಆರ್‌ಎಸ್ ಬೇರೆ! ರಾಜೀನಾಮೆ ಅಂತ ಬರ್ಕೊಟ್ರೆ ಹಿಂದಿನ ಸರ್ವಿಸ್ಸೇ ಹೋಗುತ್ತೆ, ಪೆನ್ಷನ್ ಇಲ್ಲ, ಒಬ್ಬರು ಹಾಗೆ ಬರ್ಕೊಟ್ಟು ಆಮೇಲೆ ಆಫೀಸ್ ಮೆಟ್ಟಿಲ ಮೇಲೆ ಕೂತಿದ್ದನ್ನ ನಾನೇ ನೋಡಿದೀನಿ. ಮೊದಲು ಸರ್ವಿಸ್ ರಿಜಿಸ್ಟರ್ ತೆಗೆಸಿ ಲೀವ್ ವಿದೌಟ್ ಪೇ ಏನಾದ್ರೂ ಕಡಿತ ಆಗಿದೆಯಾ ನೋಡಿ. ಕ್ವಾರ್ಟರ್ಸ್‌ನಲ್ಲಿದ್ರೆ ಅದು ಬಿಡಬೇಕಾಗುತ್ತೆ, ಮಗಳ ಪರೀಕ್ಷೆ ತಿಂಗಳಲ್ಲಿ ಆ ತಲೆನೋವು ಬರದ ಹಾಗೆ ತಾರೀಕು ಇಟ್ಕೊಳ್ಳಿ.

ಕೊಂಕಣಿ ಮಾಂ:

ನಾವು ಕೆಥೋಲಿಕರು, ಮದುವೆ ಆದವರು ಪಾದ್ರಿ ಆಗ್ಲಿಕ್ಕೆ ಆಗುದಿಲ್ಲ, ಆದ್ರೆ ಮದುವೆ ಆದವರನ್ನ ಖಾಯಂ ಡೀಕನ್ (ಪಾದ್ರಿ ಆಗದೆ ಡೀಕನ್ ಆಗಿಯೇ ಉಳಿಯುವವರು) ಮಾಡುವ ಕ್ರಮ ಎರಡನೇ ವ್ಯಾಟಿಕನ್ ಕೌನ್ಸಿಲ್ (ಬಿಷಪ್ಪರ ದೊಡ್ಡ ಸಭೆ) ಆದ ಮೇಲೆ ಪುನಃ ಬಂತು, ಮುಂಬೈಯಲ್ಲಿ ಅಂಥವರು ಇದ್ದಾರೆ. ನಮ್ಮ ಚರ್ಚಿನ ಕಾನೂನಲ್ಲಿ 35 ತುಂಬಿರಬೇಕು, ಹೆಂಡತಿಯ ಒಪ್ಪಿಗೆ ಬೇಕೇ ಬೇಕು ಅಂತ ಬರೆದೇ ಉಂಟು. ಮೇಲಿನ ಅಮ್ಮನವರು ಹೇಳಿದ್ದು ಓದಿ ಅದು ನೆನಪಾಯ್ತು.

ಬ್ಯಾಂಕ್ ಮುಗಿಸಿ ಸಂಜೆ:

ಸರ್, ಕೆಲ್ಸ ಬಿಡದೇನೂ ಶುರು ಮಾಡ್ಬೋದು. ಬೆಂಗ್ಳೂರಲ್ಲಿ ಟ್ಯಾಫ್ಟೀ ಅಂತ ಥಿಯಾಲಜಿ ಕಲಿಸೋ ಸಂಸ್ಥೆ ಇದೆ, 1971ರಿಂದ ನಡೀತಿದೆ, ಮನೇಲಿ ಪಾಠ ಓದ್ಕೊಂಡು ವಾರಕ್ಕೊಂದ್ಸಲ ಹತ್ತು ಜನ ಟ್ಯೂಟರ್ ಜೊತೆ ಕೂತು ಚರ್ಚೆ ಮಾಡೋದು. ನಾನು ಹಾಗೇ ಓದ್ದೆ, ಈಗ ಭಾನುವಾರ ನಮ್ ಪಾಸ್ಟರೇಟ್‌ನ ಹಳ್ಳಿ ಸಭೆಗಳಿಗೆ ಹೋಗ್ತೀನಿ, ಸಂಬಳ ಬ್ಯಾಂಕ್ ಕೊಡುತ್ತೆ. ಪೌಲನೂ ಗುಡಾರ ಹೊಲೀತಾನೇ ಸೇವೆ ಮಾಡಿದ್ದು. ದೀಕ್ಷೆ ಇಲ್ದೆ ಕರ್ತನ ಭೋಜನ (ಆರಾಧನೇಲಿ ಕೊಡೋ ರೊಟ್ಟಿ, ದ್ರಾಕ್ಷಾರಸ) ಕೊಡಕ್ಕಾಗಲ್ಲ, ಆ ಒಂದು ಆಸೆ ನಂಗೆ ಇವತ್ತಿಗೂ ಇದೆ, ಸುಳ್ಳು ಹೇಳಲ್ಲ.

ಹುಬ್ಬಳ್ಳಿ ಫಿಟ್ಟರ್:

ಎಲ್ಲಾರಿಗೂ ಭಾಳ ಉಪಕಾರ ಆತು. ಅಕ್ಕಾ, ನಿಮ್ಮ ಮಾತು ಓದಿ ನಿನ್ನೆ ಸಂಜೀಕ ಮನಿಯಾಕಿನ್ನ ಕೇಳಿದೆ. ರೊಟ್ಟಿ ಬಡಿಯಾಕತ್ತಿದ್ಲು, ಮೊದಲ ಮತ್ತ ಅದೇ ಮಾತು ಹೇಳಿದ್ಲು, ನಾನು ಹೋಗ್ಲಿಲ್ಲ, ಅಲ್ಲೇ ಕುಂತೆ. ನಾಲ್ಕನೇ ರೊಟ್ಟಿ ಹಂಚಿನ ಮ್ಯಾಲೆ ಸುಡಾಕತ್ತಿತ್ತು, ಒಲಿ ಆರಿಸಿ ಹೇಳಿದ್ಲು, "ನಿಮಗ ಕರೆ ಬಂತು, ನನಗ ಬಂದದೇನು ಅಂತ ಯಾರೂ ಕೇಳಲಿಲ್ಲ. ಮಗಳ ಎಸ್ಸೆಸ್ಸೆಲ್ಸಿ ಮುಗಿಯೂಮಟ ನಾ ಹುಬ್ಬಳ್ಳಿ ಬಿಡಂಗಿಲ್ಲ. ಮತ್ತ ನೀವ್ ಓದೂದಾದ್ರ ನಾನೂ ಓದ್ತೀನಿ." ಹದಿನೇಳು ವರ್ಷದಾಗ ಆಕಿಗೆ ಇದರಾಗ ಮನಸ್ಸೈತಿ ಅಂತ ನನಗ ಗೊತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ಸರ್, ಸರ್ವಿಸ್ ರಿಜಿಸ್ಟರ್‌ಗೆ ಅರ್ಜಿ ಕೊಟ್ಟೀನಿ. ಡಯಾಸಿಸ್ ವಿಷಯ ನಮ್ಮ ಅಯ್ಯನವರ ಹತ್ರ ಐತವಾರ ಮಾತಾಡ್ತೀನಿ, ವಯಸ್ಸು ಆಗೇತಿ ಅಂದ್ರೂ ಆಸ್ಪತ್ರಿ ವಾರ್ಡಿಗೆ ಅವರ ಕೂಡ ಹೋಗೂದಂತೂ ಬಿಡಂಗಿಲ್ಲ. ಬ್ಯಾಂಕಿನ ಸರ್, ಹುಬ್ಬಳ್ಳಿ ಇಲ್ಲಾ ಧಾರವಾಡದಾಗ ಆ ವಾರದ ಕ್ಲಾಸ್ ಯಾರರ ನಡಸ್ತಾರೇನು, ಕನ್ನಡ ಪಾಠ ಸಿಗತಾವೇನು? ಗೊತ್ತಿದ್ರ ತಿಳಸ್ರಿ, ಇಬ್ಬರ ಹೆಸರೂ ಬರಸ್ತೀವಿ.